ನಡಾವಳಿ

ಬೊಬಿನ್ಯಿ ನ್ಯಾಯಾಲಯ, ಮೂರನೆಯ ಕೋಣೆ.
ಹೀಟರಿನ ಮೇಲೆ ಯಾರೋ ಒಣಹಾಕಿದ ಕೈಗವಸು.
ನನ್ನ ಕೆಲಸ ಟೈಪಿಸುವುದು, ಅಷ್ಟೇ:
ಆಡಿದ್ದು ಆರಿಹೋಗುವ ಮೊದಲು
ಬೆರಳಲ್ಲಿ ಹಿಡಿಯುವುದು.

ಅಂದು ಕಟಕಟೆಯಲ್ಲಿ ಬುಲಾಯ್ ತಾಂದಿಯಾ,
ಊರಿಗೆಲ್ಲ ಗ್ರಾವಾ.
ಗ್ರಾವಾ ಅಂದರೆ ಕಟ್ಟಡ ಕೆಡವಿದ ಮೇಲೆ
ಲಾರಿಗೂ ಬೇಡವಾಗಿ ಉಳಿಯುವ ಚೂರುಗಲ್ಲು.
ಆ ಹೆಸರು ಅವನೇ ಇಟ್ಟುಕೊಂಡದ್ದು,
ಸೊರ್ಬಿಯೆ ಕೇರಿಯ ಅವರ ಹದಿನಾರು ಮಹಡಿ
ಒಂಬತ್ತು ಸೆಕೆಂಡಿನಲ್ಲಿ ಮಂಡಿಯೂರಿದ ಬೆಳಿಗ್ಗೆ.

ಸರ್ಕಾರಿ ವಕೀಲರು ಹಾಡು ಓದಿದರು,
ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು,
ನೀರಿನ ಬಿಲ್ಲು ಓದುವ ಹಾಗೆ:
"ಲಾಡಿ ಬಿಗಿದು ಕಟ್ಟು, ಸಾಹೇಬ, ಮೆಟ್ಟಿಲಿಗೆ ಗೊತ್ತು ನಿನ್ನ ಗುಟ್ಟು;
ಬಿದ್ದರೆ ಎತ್ತುವವರಿಲ್ಲ, ಸಾಹೇಬ, ಕತ್ತಲಿಗೇ ನಿನ್ನ ಮೇಲೆ ಸಿಟ್ಟು."
ಪೊಲೀಸರ ಸಂಘ ದೂರು ಕೊಟ್ಟದ್ದು ಇದೇ ಎರಡು ಸಾಲಿಗೆ.
ಪ್ರಾಸ ಬಂದಲ್ಲಿ ಅವರು ನಿಲ್ಲಲಿಲ್ಲ,
ಮೆಟ್ಟಿಲಿನ ನಡುವೆ ಉಸಿರು ತೆಗೆದುಕೊಂಡರು.
ಅವನು ನಕ್ಕ.
'ಆರೋಪಿ ನಕ್ಕನು' ಎಂದು ಟೈಪಿಸಿದೆ.
ಯಾಕೆ ನಕ್ಕ ಎಂಬುದಕ್ಕೆ ನಮ್ಮ ನಮೂನೆಯಲ್ಲಿ ಅಂಕಣವಿಲ್ಲ.

ಹಿಂದಿನ ಬೆಂಚಿನಲ್ಲಿ ಅವನ ತಾಯಿ ಹಾವಾ.
ಲಾ ದೆಫಾನ್ಸಿನ ಗಾಜಿನ ಗೋಪುರಗಳನ್ನು
ಇಪ್ಪತ್ತೆರಡು ವರ್ಷ, ಬೆಳಗಾಗುವ ಮುಂಚೆ, ಒರೆಸಿದವಳು.
ವಿರಾಮದಲ್ಲಿ, ಕಾಫಿ ಯಂತ್ರದ ಹತ್ತಿರ,
ನನ್ನ ತೋಳು ಮುಟ್ಟಿ ಕೇಳಿದಳು:
"ಮದಾಮ್, ಅದರಲ್ಲಿ ನನ್ನ ಸುದ್ದಿ ಏನಾದರೂ ಇದೆಯಾ?"
ಇತ್ತು. ಮೂರನೆಯ ಚರಣ.
ಬಕೆಟ್ಟು, ಮೊದಲ ರೈಲು, ಕ್ಲೋರಿನ್ನಿಗೆ ಬಿರಿದ ಬೆರಳು.
ವಕೀಲರು ಅದನ್ನು ಓದಿರಲಿಲ್ಲ,
ದೂರಿಗೆ ಸಂಬಂಧಪಟ್ಟದ್ದಲ್ಲ.
ಇದೆ ಅಂದೆ. ಏನು ಅಂತ ಅವಳು ಕೇಳಲಿಲ್ಲ.

ನಡಾವಳಿಯಲ್ಲಿ ಇಲ್ಲದ್ದು ಇನ್ನೊಂದುಂಟು.
ತೊಂಬತ್ತೆಂಟರಲ್ಲಿ ಸೇಂಟ್ ದೆನಿ ಸ್ಟೇಷನ್ನಿನ ಮೆಟ್ಟಿಲಲ್ಲಿ
ಕ್ಯಾಸೆಟ್ಟು ಮಾರುತ್ತಿದ್ದ ಹುಡುಗನಿಂದ
ಹತ್ತು ಫ್ರಾಂಕಿಗೆ ನಾನೊಂದು ಕೊಂಡಿದ್ದೆ.
ಹಾಡಿನ ಆಸೆಗಲ್ಲ, ದಾರಿ ಬಿಡಲಿ ಅಂತ;
ನನ್ನ ರೈಲು ಬಂದಾಗಿತ್ತು.
ಇಸ್ತ್ರಿ ಮಾಡುತ್ತಾ ಒಂದು ಸಲ ಕೇಳಿದೆ.
ಎರಡನೆಯ ಬದಿ ಖಾಲಿ, ಬರೀ ಸುಂಯ್.

ಆಮೇಲಿನದು ಎಲ್ಲರಿಗೂ ಗೊತ್ತು,
ಗೊತ್ತು ಅಂದುಕೊಂಡಿದ್ದಾರೆ.
ಹನ್ನೊಂದು ಮೇಯರುಗಳು ಅವನ ಕಾರ್ಯಕ್ರಮ ರದ್ದು ಮಾಡಿದರು,
ರದ್ದಾದಷ್ಟೂ ತಟ್ಟೆಗಳು ಖರ್ಚಾದವು.
ಎರಡನೆಯ ಆಲ್ಬಮ್ಮಿನಲ್ಲಿ ಹೆಂಗಸರ ಬಗ್ಗೆ ಉಗುಳಿದ.
ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ;
ಅದರ ಮೇಲೆ ಯಾರೂ ದೂರು ಕೊಡಲಿಲ್ಲ.
ದಂಡ, ಮೇಲ್ಮನವಿ, ಆರು ವರ್ಷ.
ಖುಲಾಸೆಯ ಸುದ್ದಿ ಒಂಬತ್ತನೆಯ ಪುಟದಲ್ಲಿ,
ಟೈರಿನ ಜಾಹೀರಾತಿನ ಕೆಳಗೆ.
ಅಷ್ಟರಲ್ಲಿ ಅವನು ಸುಗಂಧದ ಬಾಟಲಿ ಹಿಡಿದು
ಬಸ್ಸುಗಳ ಬೆನ್ನ ಮೇಲೆ ನಿಂತಿದ್ದ.
ಸೊರ್ಬಿಯೆಯ ಹುಡುಗರು ಅವನ ಹಲ್ಲಿಗೆ ಕಪ್ಪು ಬಳಿದರು.
ಅವರದೂ ಸರಿಯೇ.
ಹಾವಾ ತೀರಿಕೊಂಡದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಮೊನ್ನೆ ಮಗಳು ನೋಲ್ವೆನ್
ಅಡುಗೆಮನೆಯ ಮೇಜಿನಲ್ಲಿ ಪಾಠ ಬಿಚ್ಚಿದಳು.
'ಪ್ರಾಸ: ಕೆಳಗಿನ ಪದ್ಯದಲ್ಲಿ ಗುರುತಿಸಿ.'
ಬಕೆಟ್ಟು, ಮೊದಲ ರೈಲು, ಬಿರಿದ ಬೆರಳು.
ಅದಕ್ಕೂ ಮೇಲೆ, ಲಾಡಿಯ ಸಾಲು ಇರಬೇಕಾದಲ್ಲಿ,
ಕಂಸದೊಳಗೆ ಮೂರು ಚುಕ್ಕಿ,
ಬಾಗಿಲು ಹಾಕಿದ ಕೋಣೆಯಲ್ಲಿ ಸುಮ್ಮನೆ ಕೂತ
ಮೂವರು ಸಾಕ್ಷಿಗಳ ಹಾಗೆ.
"ಅಮ್ಮಾ, ಇಲ್ಲಿ ಏನಿತ್ತು?"

ಈರುಳ್ಳಿಯ ಕೈ ಒರೆಸಿಕೊಂಡು ಹೇಳಿದೆ.
ಗುಟ್ಟಿನ ಮೇಲೆ ನಿಂತು, ಉಸಿರೆಳೆದು,
ಸಿಟ್ಟಿನ ತನಕ ಒಂದೇ ದಮ್ಮಿಗೆ.
ಎಡಗಾಲು ತಾನಾಗಿಯೇ ನೆಲ ತಟ್ಟುತ್ತಿತ್ತು.

ಅವಳು ಪೆನ್ಸಿಲ್ ಕಚ್ಚಿ ನೋಡಿದಳು.
"ಅಷ್ಟೇನಾ?" ಅಂದು
ಪುಟ ತಿರುಗಿಸಿದಳು.